ಲೈಸೆನ್ಸ್ ಸರ್ವರ್ ‘ಅಪ್’ ಅನ್ನುತ್ತದೆ, ಲ್ಯಾಬ್‌ಗೆ ಲೈಸೆನ್ಸ್ ಸಿಗುತ್ತಿಲ್ಲ: ಎಲ್ಲಿ ನೋಡಬೇಕು?

ಪ್ರಶ್ನೆ: ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿಸ್ಟಮ್ ಅಡ್ಮಿನ್ ಆಗಿದ್ದೇನೆ. ನಮ್ಮ ಸಿಮ್ಯುಲೇಶನ್ ಸಾಫ್ಟ್‌ವೇರ್‌ಗೆ 25 ಸೀಟಿನ ನೆಟ್‌ವರ್ಕ್ ಲೈಸೆನ್ಸ್ ಇದೆ, ಫ್ಲೆಕ್ಸ್‌ನೆಟ್ ಎಂಬ ಲೈಸೆನ್ಸ್ ನಿರ್ವಹಣೆಯ ತಂತ್ರಾಂಶದ ಮೂಲಕ ಹಂಚಿಕೆಯಾಗುತ್ತದೆ. ಹಳೆಯ ಯಂತ್ರದಿಂದ ಅದನ್ನು ವಿಎಂವೇರ್ ಮೇಲಿನ (ವರ್ಚುವಲ್ ಮಶೀನ್) ವಿಂಡೋಸ್ ಸರ್ವರ್‌ಗೆ ವರ್ಗಾಯಿಸಿದೆವು. ಅಂದಿನಿಂದ ಇನ್ನೊಂದು ಬ್ಲಾಕಿನ ಲ್ಯಾಬ್‌ನಲ್ಲಿ ಮೈನಸ್ 15, ಅಂದರೆ ಲೈಸೆನ್ಸ್ ಸರ್ವರಿನ ಸಂಪರ್ಕ ಸಿಗುತ್ತಿಲ್ಲ ಎಂಬ ಎರರ್ ಬರುತ್ತಿದೆ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಅಪರೂಪಕ್ಕೆ ಸರಿಹೋಗುತ್ತದೆ, ಹೆಚ್ಚಿನ ಸಲ ಇಲ್ಲ. ನಡುವಿನ ಫೈರ್‌ವಾಲ್‌ನಲ್ಲಿ 27000 ಪೋರ್ಟನ್ನೂ, ಆ ದಿನ ನೆಟ್‌ಸ್ಟ್ಯಾಟ್‌ನಲ್ಲಿ (ಬಳಕೆಯಲ್ಲಿರುವ ಪೋರ್ಟ್‌ಗಳನ್ನು ತೋರಿಸುವ ಆದೇಶ) ಕಂಡ ಇನ್ನೊಂದು ಪೋರ್ಟನ್ನೂ ತೆರೆದಿದ್ದೇವೆ. ಇದರ ಜೊತೆಗೆ, ಲ್ಯಾಬ್ ಖಾಲಿಯಿದ್ದರೂ ಕೆಲವೊಮ್ಮೆ ಮೈನಸ್ 4, ಅಂದರೆ ಎಲ್ಲ ಲೈಸೆನ್ಸ್ ಬಳಕೆಯಲ್ಲಿವೆ ಎಂದು ಬರುತ್ತದೆ. ವಿಟಿಯು ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಿದೆ. ಪರೀಕ್ಷೆ ನಡೆಯುವ ಲ್ಯಾಬ್‌ಗೆ ಲೈಸೆನ್ಸ್ ಮೀಸಲಿಡುವುದು ಹೇಗೆ?

ಉತ್ತರ: ಮೊದಲಿಗೆ ರೀಸ್ಟಾರ್ಟ್ ಅಭ್ಯಾಸ ಬಿಡಿ. ಫ್ಲೆಕ್ಸ್‌ನೆಟ್‌ನ ಡೀಬಗ್ ಲಾಗ್ ಫೈಲನ್ನು ಬೇರೆ ಸೂಚನೆ ಕೊಡದಿದ್ದರೆ ಪ್ರತಿ ಸ್ಟಾರ್ಟ್‌ನಲ್ಲೂ ಹೊಸದಾಗಿ ಬರೆಯಲಾಗುತ್ತದೆ. ರೀಸ್ಟಾರ್ಟ್ ಒತ್ತಿದ ಕ್ಷಣವೇ ಏನು ಕೆಟ್ಟಿತ್ತು ಅನ್ನುವ ದಾಖಲೆ ಹೋಯಿತು. ಫ್ಲೆಕ್ಸ್‌ನೆಟ್ ಸರ್ವರನ್ನು ನಿಭಾಯಿಸುವ ಪ್ರೋಗ್ರಾಂ ಆದ ಎಲ್‌ಎಂಟೂಲ್ಸ್‌ನ ‘ಕಾನ್ಫಿಗ್ ಸರ್ವಿಸಸ್’ ಟ್ಯಾಬ್‌ಗೆ ಹೋಗಿ, ಲಾಗ್ ಫೈಲಿನ ಪಾತ್‌ನ ಮುಂದೆ ಒಂದು ‘+’ ಚಿಹ್ನೆ ಹಾಕಿ ಸೇವ್ ಮಾಡಿ. ಆಮೇಲೆ ಹಳೆಯದರ ಕೆಳಗೆ ಹೊಸದು ಸೇರುತ್ತಾ ಹೋಗುತ್ತದೆ. ಫೈಲನ್ನು ‘ಪ್ರೋಗ್ರಾಂಡೇಟಾ’ದ ಒಳಗೇ ಇಡಿ. ಈಚಿನ ಆವೃತ್ತಿಗಳಲ್ಲಿ ಸರ್ವಿಸ್ ‘ಲೋಕಲ್ ಸರ್ವಿಸ್’ ಖಾತೆಯಲ್ಲಿ ಓಡುತ್ತದೆ. ‘ಪ್ರೋಗ್ರಾಂ ಫೈಲ್ಸ್’ನಲ್ಲಿ ಬರೆಯಲು ಅದಕ್ಕೆ ಅನುಮತಿ ಇರುವುದಿಲ್ಲ, ಹಾಗಾಗಿ ಲಾಗ್ ಖಾಲಿಯಾಗಿ ಉಳಿಯುತ್ತದೆ, ಕೆಲವೊಮ್ಮೆ ಸರ್ವಿಸೇ ಏಳುವುದಿಲ್ಲ.

ಈಗ ಮೈನಸ್ 15. ಅದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ: ‘ಆ ದಿನ ನೆಟ್‌ಸ್ಟ್ಯಾಟ್‌ನಲ್ಲಿ ಕಂಡ ಪೋರ್ಟ್’.

ಫ್ಲೆಕ್ಸ್‌ನೆಟ್ ಸರ್ವರ್ ಅಂದರೆ ಒಂದು ಪ್ರೋಗ್ರಾಂ ಅಲ್ಲ, ಎರಡು. ಎಲ್‌ಎಂಜಿಆರ್‌ಡಿ ಎನ್ನುವುದು ಬಾಗಿಲಲ್ಲಿ ನಿಂತಿರುತ್ತದೆ, ಅದರ ಪೋರ್ಟ್ ಸಾಮಾನ್ಯವಾಗಿ 27000ರಿಂದ 27009ರೊಳಗೆ ಇರುತ್ತದೆ. ಲೈಸೆನ್ಸ್ ಎಣಿಸಿ ಕೊಡುವುದು ಮಾತ್ರ ಹಿನ್ನೆಲೆಯಲ್ಲಿ ಓಡುವ ಆಯಾ ಕಂಪನಿಯ ಪ್ರೋಗ್ರಾಂ, ಅಂದರೆ ವೆಂಡರ್ ಡೀಮನ್: ಮ್ಯಾಟ್‌ಲ್ಯಾಬ್‌ಗೆ ಎಂಎಲ್‌ಎಂ, ಆನ್ಸಿಸ್‌ಗೆ ಆನ್ಸಿಸ್‌ಎಲ್‌ಎಂಡಿ, ಆಟೊಡೆಸ್ಕ್‌ಗೆ ಎಡಿಎಸ್‌ಕೆಫ್ಲೆಕ್ಸ್. ಕ್ಲೈಂಟ್ ಮೊದಲು ಎಲ್‌ಎಂಜಿಆರ್‌ಡಿಯನ್ನು ಕೇಳುತ್ತದೆ, ಅದು ‘ಡೀಮನ್ ಇಂಥ ಪೋರ್ಟಿನಲ್ಲಿದೆ, ಅಲ್ಲಿಗೆ ಹೋಗು’ ಅನ್ನುತ್ತದೆ. ಡೀಮನ್‌ಗೆ ಪೋರ್ಟ್ ಗೊತ್ತುಮಾಡದಿದ್ದರೆ ಅದು ಪ್ರತಿ ಸಲ ಏಳುವಾಗಲೂ ಆಪರೇಟಿಂಗ್ ಸಿಸ್ಟಮ್ ಕೊಟ್ಟದ್ದನ್ನು ಹಿಡಿಯುತ್ತದೆ. ವಿಂಡೋಸ್‌ನಲ್ಲಿ ಅದು 49152ರಿಂದ 65535ರೊಳಗಿನ ಯಾವುದೂ ಆಗಬಹುದು. ನೀವು ತೆರೆದ ಪೋರ್ಟೇ ಅಕಸ್ಮಾತ್ ಮತ್ತೆ ಸಿಕ್ಕಿದ ದಿನ ಆ ಲ್ಯಾಬ್ ಕೆಲಸ ಮಾಡುತ್ತದೆ, ಇಲ್ಲದ ದಿನ ಮಾಡುವುದಿಲ್ಲ. ಸರ್ವರ್ ಇರುವ ಬ್ಲಾಕಿಗೆ ನಡುವೆ ಫೈರ್‌ವಾಲ್ ಇಲ್ಲದ್ದರಿಂದ ಅಲ್ಲಿ ತೊಂದರೆ ಕಾಣುವುದೇ ಇಲ್ಲ. ‘ಅಪ್’ ಎಂಬ ಉತ್ತರ ನೋಡಿ ನೆಮ್ಮದಿಪಡಬೇಡಿ. ಸರ್ವರ್‌ನಲ್ಲೇ ಕೂತು ಲೈಸೆನ್ಸ್ ಸ್ಥಿತಿ ಹೇಳುವ ಎಲ್‌ಎಂಸ್ಟ್ಯಾಟ್ ಆದೇಶ ಓಡಿಸಿದರೆ ಅದು ಫೈರ್‌ವಾಲ್ ದಾಟುವುದೇ ಇಲ್ಲವಲ್ಲ.

ಪರಿಹಾರ ಲೈಸೆನ್ಸ್ ಫೈಲಿನ ಮೊದಲ ಎರಡು ಸಾಲಿನಲ್ಲಿದೆ. ಕನ್ನಡ ಲಿಪಿಯಲ್ಲಿ ಬರೆದರೆ ಅವು ಹೀಗಿರುತ್ತವೆ:

ಸರ್ವರ್ ಲೈಸೆನ್ಸ್1 005056123456 27000
ವೆಂಡರ್ ಡೀಮನ್‌ಹೆಸರು ಪೋರ್ಟ್=27010

ಎರಡನೆಯ ಸಾಲಿನ ‘ಪೋರ್ಟ್=27010’ ನೀವು ಸೇರಿಸಬೇಕಾದ್ದು. 27010 ಅನ್ನುವುದು ಉದಾಹರಣೆಗೆ ಮಾತ್ರ, ಆ ಯಂತ್ರದಲ್ಲಿ ಬೇರೆ ಯಾರೂ ಬಳಸದ ಯಾವ ಪೋರ್ಟ್ ಆದರೂ ಆದೀತು. ಸರ್ವರ್ ಸಾಲಿನ ಹೋಸ್ಟ್ ಹೆಸರು, ಪೋರ್ಟ್, ವೆಂಡರ್ ಸಾಲಿನ ಪಾತ್ ಮತ್ತು ಪೋರ್ಟ್: ಇಷ್ಟನ್ನು ನೀವು ಧೈರ್ಯವಾಗಿ ತಿದ್ದಬಹುದು. ಹೋಸ್ಟ್ ಐಡಿಯನ್ನಾಗಲೀ (ಯಂತ್ರದ ಗುರುತು, ಮೇಲಿನ ಉದಾಹರಣೆಯಲ್ಲಿ 005056123456) ಕೆಳಗಿನ ಫೀಚರ್ (ಲೈಸೆನ್ಸ್ ಪಡೆದ ಸೌಲಭ್ಯ), ಇನ್‌ಕ್ರಿಮೆಂಟ್ ಸಾಲುಗಳಲ್ಲಿರುವ ಸಂಖ್ಯೆ, ತಾರೀಕುಗಳನ್ನಾಗಲೀ ಮುಟ್ಟಿದರೆ ಸಹಿ ಹೊಂದದೆ ಮೈನಸ್ 8 ಬರುತ್ತದೆ. ಪೋರ್ಟ್ ಬದಲಾಯಿಸಿದಾಗ ಫೈಲನ್ನು ಮತ್ತೆ ಓದಿಸುವ ‘ರೀರೀಡ್’ ಸಾಲದು, ಸರ್ವಿಸ್ ನಿಲ್ಲಿಸಿಯೇ ಮತ್ತೆ ಏಳಿಸಬೇಕು. ಎಲ್‌ಎಂಟೂಲ್ಸ್‌ನಲ್ಲಿ ‘ಸ್ಟಾಪ್’ ಒತ್ತಿದ ಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಎರಡೂ ಪ್ರೋಗ್ರಾಂ ಹೋಗಿವೆಯೇ ನೋಡಿಕೊಳ್ಳಿ. ಹಳೆಯ ಡೀಮನ್ ಹೋಗುವ ಮೊದಲೇ ಹೊಸದು ಎದ್ದರೆ ಪೋರ್ಟಿಗೆ ಜಗಳ ಬೀಳುತ್ತದೆ. ಆಮೇಲೆ ವಿಂಡೋಸ್ ಫೈರ್‌ವಾಲ್‌ನಲ್ಲೂ ಬ್ಲಾಕ್‌ಗಳ ನಡುವಿನ ಫೈರ್‌ವಾಲ್‌ನಲ್ಲೂ 27000, 27010 ಎರಡಕ್ಕೂ ಟಿಸಿಪಿ ಒಳಬರುವ ನಿಯಮ ಹಾಕಿ. ಇಂಟರ್‌ನೆಟ್ ಕಡೆಗೆ ಮಾತ್ರ ಈ ಪೋರ್ಟ್‌ಗಳನ್ನು ತೆರೆಯಲೇಬೇಡಿ, ಹೊರಗಿನಿಂದ ಬರುವವರು ವಿಪಿಎನ್ ಮೂಲಕವೇ ಬರಲಿ.

ಸರಿಹೋಯಿತೇ ಎಂದು ಪರೀಕ್ಷಿಸಲು ತೊಂದರೆ ಇರುವ ಲ್ಯಾಬಿನ ಒಂದು ಪಿಸಿಯಲ್ಲೇ ಕೂರಿ. ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್’ ಆದೇಶವನ್ನು ಸರ್ವರ್ ಹೆಸರಿಗೆ, ಒಮ್ಮೆ 27000 ಕೊಟ್ಟು, ಇನ್ನೊಮ್ಮೆ 27010 ಕೊಟ್ಟು ಓಡಿಸಿ. ಎರಡೂ ‘ಟ್ರೂ’ ಅನ್ನಬೇಕು. ಪಿಂಗ್ ಬಂತು ಅನ್ನುವುದಕ್ಕೆ ಇಲ್ಲಿ ಬೆಲೆಯಿಲ್ಲ.

ಎರರ್ ಡಬ್ಬಿಯಲ್ಲಿ ಮೈನಸ್ 15ರ ಕೆಳಗೆ ಇನ್ನೊಂದು ಐದಂಕಿಯ ಸಂಖ್ಯೆ ಇರುತ್ತದೆ, ಎಲ್ಲರೂ ಅದನ್ನು ಓದದೆ ‘ಓಕೆ’ ಒತ್ತುತ್ತಾರೆ. ಅದು ವಿಂಡೋಸ್‌ನ ವಿನ್‌ಸಾಕ್ ಸಂಖ್ಯೆ, ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ. 10061 ಇದ್ದರೆ ಕ್ಲೈಂಟ್ ಆ ಯಂತ್ರವನ್ನು ತಲುಪಿದೆ, ಆದರೆ ಆ ಪೋರ್ಟಿನಲ್ಲಿ ಕೇಳುವವರೇ ಇಲ್ಲ: ಸರ್ವಿಸ್ ಬಿದ್ದಿದೆ, ಇಲ್ಲವೇ ಕ್ಲೈಂಟಿನಲ್ಲಿ ಪೋರ್ಟ್ ತಪ್ಪಾಗಿದೆ. 10060 ಇದ್ದರೆ ಉತ್ತರವೇ ಬಂದಿಲ್ಲ: ನಡುವೆ ಯಾವುದೋ ಫೈರ್‌ವಾಲ್ ಸದ್ದಿಲ್ಲದೆ ನುಂಗುತ್ತಿದೆ. ವಿಂಡೋಸ್ ಫೈರ್‌ವಾಲ್ ಕೂಡ ಮುಚ್ಚಿದ ಪೋರ್ಟಿಗೆ ‘ಇಲ್ಲ’ ಅನ್ನದೆ ಸುಮ್ಮನಿರುವ ಸ್ವಭಾವದ್ದು, ಹಾಗಾಗಿ 10060 ಕಂಡಾಗ ಸರ್ವರಿನ ಒಳಗಿನ ಫೈರ್‌ವಾಲನ್ನೂ ಅನುಮಾನಿಸಿ. 11001 ಇದ್ದರೆ ಹೆಸರೇ ಸಿಕ್ಕಿಲ್ಲ, ಡಿಎನ್‌ಎಸ್ ನೋಡಿ. ನಿಮ್ಮ ಲ್ಯಾಬಿನಲ್ಲಿ 10060 ಕಾಣಬೇಕು.

ಹೆಸರಿನ ವಿಷಯದಲ್ಲಿ ಒಂದು ಒಳಮರ್ಮವಿದೆ. ಕ್ಲೈಂಟಿಗೆ ನೀವು ಐಪಿ ವಿಳಾಸ ಕೊಟ್ಟಿದ್ದರೂ ಸರ್ವರ್ ಸಾಲಿನಲ್ಲಿ ಬರೆದ ಹೆಸರು ಅದಕ್ಕೆ ತಿರುಗಿ ಬರುತ್ತದೆ, ಎರಡನೆಯ ಹಂತದಲ್ಲಿ ಅದು ಆ ಹೆಸರನ್ನೇ ಹುಡುಕಬಹುದು. ವಿಪಿಎನ್‌ನಲ್ಲಿ ಅಥವಾ ಬೇರೆ ಡೊಮೈನ್‌ನಲ್ಲಿ ‘ಲೈಸೆನ್ಸ್1’ ಎಂಬ ಗಿಡ್ಡ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಪೂರ್ಣ ಡೊಮೈನ್ ಹೆಸರನ್ನೇ ಆ ಸಾಲಿನಲ್ಲಿ ಹಾಕಿ. ಕ್ಲೈಂಟ್‌ಗಳಿಗೂ ಯಂತ್ರದ ನಿಜ ಹೆಸರಿನ ಬದಲು ಡಿಎನ್‌ಎಸ್‌ನಲ್ಲಿ ಒಂದು ಅಡ್ಡಹೆಸರು ಮಾಡಿ ಕೊಟ್ಟರೆ ಮುಂದೆ ಸರ್ವರ್ ಬದಲಾದಾಗ ಲ್ಯಾಬ್ ಲ್ಯಾಬ್ ಸುತ್ತುವುದು ತಪ್ಪುತ್ತದೆ.

ಸುತ್ತಲೇಬೇಕಾಗಿ ಬಂದರೆ ಇದು ನೆನಪಿರಲಿ: ಕ್ಲೈಂಟ್ ವಿಳಾಸ ಹುಡುಕುವ ಜಾಗ ಒಂದೇ ಅಲ್ಲ. ‘ಎಲ್‌ಎಂ_ಲೈಸೆನ್ಸ್_ಫೈಲ್’ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್, ಅದಕ್ಕೂ ಮೊದಲು ಆಯಾ ಡೀಮನ್ ಹೆಸರಿನ ವೇರಿಯೇಬಲ್, ಜೊತೆಗೆ ರಿಜಿಸ್ಟ್ರಿಯಲ್ಲಿ ‘ಫ್ಲೆಕ್ಸ್‌ಎಲ್‌ಎಂ ಲೈಸೆನ್ಸ್ ಮ್ಯಾನೇಜರ್’ ಎಂಬ ಕೀ. ಹಿಂದೊಮ್ಮೆ ಲೈಸೆನ್ಸ್ ಸಿಕ್ಕಿದ ಸರ್ವರಿನ ವಿಳಾಸ ಈ ಕೀಯಲ್ಲಿ ತಾನಾಗಿ ಉಳಿದಿರುತ್ತದೆ, ಬಳಕೆದಾರನ ಭಾಗದಲ್ಲೂ ಯಂತ್ರದ ಭಾಗದಲ್ಲೂ. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ಹೋಮ್ ಫೋಲ್ಡರಿನಲ್ಲಿ ‘.ಫ್ಲೆಕ್ಸ್‌ಎಲ್‌ಎಂಆರ್‌ಸಿ’ ಎಂಬ ಅಡಗಿದ ಫೈಲ್ ಇರುತ್ತದೆ. ಸಾಫ್ಟ್‌ವೇರ್ ತೆರೆಯಲು ಅರ್ಧ ನಿಮಿಷ ತೆಗೆದುಕೊಳ್ಳುತ್ತಿದ್ದರೆ ಅದು ಸತ್ತುಹೋದ ಹಳೆಯ ಸರ್ವರನ್ನು ಮೊದಲು ಕೂಗಿ ನೋಡುತ್ತಿದೆ ಎಂದು ಅನುಮಾನಿಸಿ, ಈ ಕೀಗಳನ್ನು ಅಳಿಸಿ. ಹೆಚ್ಚಿಗೆ ಗೊತ್ತಾಗಬೇಕಿದ್ದರೆ ಕ್ಲೈಂಟಿನಲ್ಲಿ ಎಲ್‌ಎಂಡಯಾಗ್ ಓಡಿಸಿ, ಯಾವ ಫೀಚರ್ ಯಾವ ಸರ್ವರಿನಿಂದ ಸಿಗುತ್ತದೆ, ಸಿಗದಿದ್ದರೆ ಯಾಕೆ ಎಂದು ಒಂದೊಂದಾಗಿ ಹೇಳುತ್ತದೆ.

ಲೈಸೆನ್ಸನ್ನು ವರ್ಚುವಲ್ ಮಶೀನ್‌ಗೆ ತಂದಿದ್ದೀರಿ ಅಂದಮೇಲೆ ಹೋಸ್ಟ್ ಐಡಿಯ ವಿಷಯವನ್ನು ಈಗಲೇ ಭದ್ರಮಾಡಿಕೊಳ್ಳಿ. ಹೆಚ್ಚಿನ ಲೈಸೆನ್ಸ್ ಕಟ್ಟಿಹಾಕಿರುವುದು ನೆಟ್‌ವರ್ಕ್ ಕಾರ್ಡಿನ 12 ಅಂಕೆ-ಅಕ್ಷರದ ಮ್ಯಾಕ್ ವಿಳಾಸಕ್ಕೆ. ವಿಎಂವೇರ್ ತಾನಾಗಿ ಕೊಟ್ಟ ಮ್ಯಾಕ್, ಮಶೀನನ್ನು ನಕಲು ಮಾಡಿದಾಗ ಬದಲಾಗುತ್ತದೆ. ಫೈಲುಗಳನ್ನು ಬೇರೆಡೆ ಇಟ್ಟು ತೆರೆದಾಗ ‘ಸರಿಸಿದಿರೋ, ನಕಲು ಮಾಡಿದಿರೋ’ ಎಂದು ಅದು ಕೇಳುತ್ತದೆ. ಅಲ್ಲಿ ‘ನಕಲು’ ಎಂದರೆ ಹೊಸ ಮ್ಯಾಕ್ ಬರುತ್ತದೆ, 25 ಸೀಟೂ ಹೋಗುತ್ತವೆ. ಆಗ ಲಾಗ್‌ನಲ್ಲಿ ‘ಸರ್ವರ್ ಸಾಲಿನಲ್ಲಿ ಇರುವ ಹೋಸ್ಟ್ ಐಡಿ ಇದು, ಯಂತ್ರದ್ದು ಇದು’ ಎಂದು ಎರಡನ್ನೂ ತೋರಿಸುವ ಸಾಲು, ಅದರ ಕೆಳಗೆ ಇಷ್ಟು ಲೈಸೆನ್ಸ್ ‘ಡಿಸೇಬಲ್’ ಮಾಡಿದೆ ಎಂಬ ಸಾಲು ಕಾಣುತ್ತದೆ. ತಪ್ಪಿಸಲು ಮ್ಯಾಕನ್ನು ಸ್ಥಿರವಾಗಿ ಗೊತ್ತುಮಾಡಿ. ವಿಎಂವೇರ್‌ನಲ್ಲಿ ಕೈಯಾರೆ ಕೊಡುವ ವಿಳಾಸ 00:50:56:00:00:00ರಿಂದ 00:50:56:3ಎಫ್:ಎಫ್‌ಎಫ್:ಎಫ್‌ಎಫ್ ಒಳಗಿರಬೇಕು. ಆಮೇಲೆ ಎಲ್‌ಎಂಹೋಸ್ಟ್‌ಐಡಿ ಓಡಿಸಿ, ಬಂದ ಐಡಿ ಲೈಸೆನ್ಸ್ ಫೈಲಿನಲ್ಲಿರುವುದಕ್ಕೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಮಾರಿದವರ ಹತ್ತಿರ ಹೊಸ ಐಡಿಗೆ ಲೈಸೆನ್ಸ್ ಮರುಹೊಂದಿಸಿ ಕೇಳಬೇಕು, ಬೇರೆ ದಾರಿಯಿಲ್ಲ. ಹೆಚ್ಚಿನ ಕಂಪನಿಗಳು ವರ್ಷಕ್ಕೆ ಇಂತಿಷ್ಟು ಸಲ ಎಂದು ಮಿತಿ ಇಟ್ಟಿರುತ್ತವೆ, ಹಾಗಾಗಿ ಮ್ಯಾಕ್ ಸ್ಥಿರ ಮಾಡಿದ ನಂತರವೇ ಕೇಳಿ. ಹೈಪರ್‌-ವಿಯಲ್ಲೂ ಡೈನಮಿಕ್ ಮ್ಯಾಕ್ ಬಿಟ್ಟು ಸ್ಟ್ಯಾಟಿಕ್ ಆರಿಸಬೇಕಾದ್ದು ಇದೇ ಕಾರಣಕ್ಕೆ. ಭೌತಿಕ ಯಂತ್ರದಲ್ಲಾದರೆ ವೈಫೈ ಅಥವಾ ಯುಎಸ್‌ಬಿ ಅಡಾಪ್ಟರಿನ ಮ್ಯಾಕ್ ಕೊಡಬೇಡಿ.

ಮುಂದಿನದು ಖಾಲಿ ಲ್ಯಾಬಿನ ಮೈನಸ್ 4. ಲ್ಯಾಬ್ ಮುಗಿದು ವಿದ್ಯಾರ್ಥಿಗಳು ಹೊರಡುವಾಗ ಸಾಫ್ಟ್‌ವೇರ್ ಮುಚ್ಚುವುದಿಲ್ಲ, ಯಾರೋ ಮೇನ್ ಸ್ವಿಚ್ ಆರಿಸುತ್ತಾರೆ, ಇಲ್ಲವೇ ಕರೆಂಟ್ ಹೋಗುತ್ತದೆ. ಪ್ರೋಗ್ರಾಂ ಮುಚ್ಚಿದರೆ ಅಥವಾ ಕ್ರ್ಯಾಶ್ ಆದರೆ ಆಪರೇಟಿಂಗ್ ಸಿಸ್ಟಮ್ ಬದುಕಿರುವುದರಿಂದ ಅದು ಟಿಸಿಪಿ ಸಂಪರ್ಕವನ್ನು ಕಡಿಯುತ್ತದೆ, ಡೀಮನ್‌ಗೆ ಗೊತ್ತಾಗಿ ಲೈಸೆನ್ಸ್ ತಕ್ಷಣ ವಾಪಸ್ ಬರುತ್ತದೆ. ಪ್ಲಗ್ಗೇ ಕಿತ್ತರೆ ಹೇಳುವವರಿಲ್ಲ. ಸರ್ವರ್ ಕಡೆ ಸಂಪರ್ಕ ಇನ್ನೂ ಇದೆ ಎಂದೇ ಲೆಕ್ಕ. ‘ಬದುಕಿದ್ದೀಯಾ’ ಎಂದು ಕೇಳುವ ಟಿಸಿಪಿ ಕೀಪ್‌ಅಲೈವ್ ಪ್ಯಾಕೆಟ್ ಹೊರಡುವುದು ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಮಾಮೂಲಿಯಾಗಿ 2 ಗಂಟೆಯ ನಂತರ. ಅಂದರೆ ಬೆಳಗಿನ ಬ್ಯಾಚ್ ಹಿಡಿದ ಲೈಸೆನ್ಸ್ ಮಧ್ಯಾಹ್ನದ ಬ್ಯಾಚ್ ಬರುವಾಗಲೂ ಸಿಕ್ಕಿಕೊಂಡಿರಬಹುದು. ಮುಚ್ಚಳ ಮುಚ್ಚಿ ನಿದ್ದೆಗೆ ಹೋದ ಲ್ಯಾಪ್‌ಟಾಪ್‌ಗಳದ್ದೂ ಇದೇ ಕಥೆ.

ಯಾರು ಹಿಡಿದಿದ್ದಾರೆ ಎಂದು ನೋಡಲು:

ಎಲ್‌ಎಂಯುಟಿಲ್ ಎಲ್‌ಎಂಸ್ಟ್ಯಾಟ್ -ಎ -ಸಿ 27000@ಲೈಸೆನ್ಸ್1

ಪ್ರತಿ ಫೀಚರಿನ ಕೆಳಗೆ ಒಬ್ಬೊಬ್ಬರಿಗೂ ಒಂದು ಸಾಲು ಬರುತ್ತದೆ: ಬಳಕೆದಾರ, ಪಿಸಿ ಹೆಸರು, ಡಿಸ್‌ಪ್ಲೇ, ಆವೃತ್ತಿ, ಆಮೇಲೆ ಆವರಣದಲ್ಲಿ ‘ಲೈಸೆನ್ಸ್1/27000 204’ ಎಂಬಂತೆ, ಕೊನೆಗೆ ಹಿಡಿದ ವೇಳೆ. ಆವರಣದ ಕೊನೆಯ 204 ಎನ್ನುವುದು ಆ ಸಂಪರ್ಕದ ಹ್ಯಾಂಡಲ್. ಆ ಪಿಸಿ ನಿಜವಾಗಿ ಆಫ್ ಆಗಿದೆ ಎಂದು ಖಾತ್ರಿಯಾದ ಮೇಲೆ:

ಎಲ್‌ಎಂಯುಟಿಲ್ ಎಲ್‌ಎಂರಿಮೂವ್ -ಸಿ 27000@ಲೈಸೆನ್ಸ್1 -ಎಚ್ ಫೀಚರ್‌ಹೆಸರು ಲೈಸೆನ್ಸ್1 27000 204

ಎಂದರೆ ಆ ಒಂದು ಸೀಟು ಬಿಡುಗಡೆಯಾಗುತ್ತದೆ, ಉಳಿದವರಿಗೆ ಏನೂ ಆಗುವುದಿಲ್ಲ. ಇದೊಂದಕ್ಕೆ ಇಡೀ ಸರ್ವಿಸ್ ರೀಸ್ಟಾರ್ಟ್ ಮಾಡಿ ಕೆಲಸ ಮಾಡುತ್ತಿದ್ದ ಉಳಿದವರನ್ನೂ ಬೀಳಿಸುವುದು ಅನ್ಯಾಯ. ಬದುಕಿರುವ ಪ್ರೋಗ್ರಾಮಿನ ಮೇಲೆ ಇದನ್ನು ಬಳಸಿದರೆ ಪ್ರಯೋಜನವಿಲ್ಲ, ಅದು ಮುಂದಿನ ಹಾರ್ಟ್‌ಬೀಟ್‌ನಲ್ಲಿ (ಸರ್ವರಿನ ಜೊತೆ ಆಗಾಗ ನಡೆಯುವ ಸಂಪರ್ಕ ತಪಾಸಣೆ) ಮತ್ತೆ ಹಿಡಿಯಲು ನೋಡುತ್ತದೆ. ಮೂಲಕಾರಣಕ್ಕೆ ಮದ್ದು ಬೇಕಿದ್ದರೆ ಸರ್ವರಿನ ರಿಜಿಸ್ಟ್ರಿಯಲ್ಲಿ ಟಿಸಿಪಿಐಪಿ ಪ್ಯಾರಾಮೀಟರ್ಸ್ ಕೆಳಗೆ ‘ಕೀಪ್‌ಅಲೈವ್‌ಟೈಮ್’ ಎಂಬ ಡಿವರ್ಡ್ ಮಾಡಿ 900000 ಕೊಡಿ. ಲೆಕ್ಕ ಮಿಲಿಸೆಕೆಂಡಿನಲ್ಲಿ, ಅಂದರೆ 15 ನಿಮಿಷ. ಸರ್ವರ್ ರೀಬೂಟ್ ಆದ ಮೇಲೆ ಜಾರಿಗೆ ಬರುತ್ತದೆ.

ಪಿಸಿ ಆನ್ ಇದ್ದು, ಸಾಫ್ಟ್‌ವೇರ್ ತೆರೆದಿಟ್ಟು ವಿದ್ಯಾರ್ಥಿ ಕ್ಯಾಂಟೀನ್‌ಗೆ ಹೋಗಿದ್ದರೆ ಅದು ಬೇರೆ ಸಮಸ್ಯೆ. ಅದಕ್ಕೆ ಆಪ್ಷನ್ಸ್ ಫೈಲಿನಲ್ಲಿ (ಲೈಸೆನ್ಸ್ ಹಂಚುವ ನಿಯಮಗಳನ್ನು ಡೀಮನ್‌ಗೆ ತಿಳಿಸುವ ಫೈಲ್) ‘ಟೈಮ್‌ಔಟ್‌ಆಲ್ 1800’ ಎಂದು ಬರೆಯಬಹುದು, ಅರ್ಧ ಗಂಟೆ ಸುಮ್ಮನಿದ್ದರೆ ಲೈಸೆನ್ಸ್ ವಾಪಸ್. ಕನಿಷ್ಠ ಮಿತಿ ಸಾಮಾನ್ಯವಾಗಿ 900 ಸೆಕೆಂಡ್. ಆದರೆ ‘ಸುಮ್ಮನಿದೆ’ ಎಂದು ಹೇಳಬೇಕಾದ್ದು ಆ ಸಾಫ್ಟ್‌ವೇರೇ. ಅದರಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಈ ಸಾಲು ಅಲಂಕಾರಕ್ಕೆ ಮಾತ್ರ.

ಆಪ್ಷನ್ಸ್ ಫೈಲ್ ಅಂದೆ. ಪರೀಕ್ಷೆಯ ಮೀಸಲಾತಿಯೂ ಅಲ್ಲೇ. ಡೀಮನ್ ಹೆಸರಿಗೆ ‘.ಒಪಿಟಿ’ ಸೇರಿಸಿದ ಹೆಸರಿನಲ್ಲಿ ಲೈಸೆನ್ಸ್ ಫೈಲ್ ಇರುವ ಫೋಲ್ಡರಿನಲ್ಲೇ ಇಟ್ಟರೆ ಡೀಮನ್ ತಾನಾಗಿ ಓದಿಕೊಳ್ಳುತ್ತದೆ. ನೋಟ್‌ಪ್ಯಾಡ್ ಅದನ್ನು ಗುಟ್ಟಾಗಿ ‘.ಒಪಿಟಿ.ಟಿಎಕ್ಸ್‌ಟಿ’ ಮಾಡಿ ಉಳಿಸುತ್ತದೆ. ಏನು ಬರೆದರೂ ಪರಿಣಾಮವಿಲ್ಲ ಎಂಬ ದೂರುಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಫೈಲ್ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿಕೊಂಡು ಪರೀಕ್ಷಿಸಿ.

ಪರೀಕ್ಷೆ ಲ್ಯಾಬಿನ ಪಿಸಿಗಳೆಲ್ಲ 10.20.5 ಸರಣಿಯಲ್ಲಿವೆ ಎಂದಿಟ್ಟುಕೊಳ್ಳಿ. ಆಗ ಬೇಕಾದ ಸಾಲು:

ರಿಸರ್ವ್ 20 ಫೀಚರ್‌ಹೆಸರು ಇಂಟರ್‌ನೆಟ್ 10.20.5.*

ರಿಸರ್ವ್ ಅನ್ನುವುದು ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿದ ಹಾಗೆ: ಆ ಲ್ಯಾಬಿನಲ್ಲಿ ಯಾರೂ ಇಲ್ಲದಿದ್ದರೂ 20 ಸೀಟು ಬೇರೆಯವರಿಗೆ ಸಿಗುವುದಿಲ್ಲ. ಎಲ್‌ಎಂಸ್ಟ್ಯಾಟ್ ಕೂಡ ಅವನ್ನು ಬಳಕೆಯಲ್ಲಿವೆ ಎಂದೇ ಎಣಿಸುತ್ತದೆ. ಹಾಗಾಗಿ ಖಾಲಿ ಲ್ಯಾಬಿನಲ್ಲಿ ಮೈನಸ್ 4 ಬಂದಾಗ ಹಿಂದಿನವರು ಬರೆದು ಮರೆತ ರಿಸರ್ವ್ ಸಾಲು ಇದೆಯೇ ಎಂದೂ ನೋಡಿ. ಅದು ಪರೀಕ್ಷೆ ಲ್ಯಾಬನ್ನು 20ಕ್ಕೆ ಮಿತಗೊಳಿಸುವುದಿಲ್ಲ, ಉಳಿದ 5ರಲ್ಲೂ ಅವರು ಕೈಹಾಕಬಹುದು. ಮಿತಿ ಬೇಕಿದ್ದರೆ ‘ಮ್ಯಾಕ್ಸ್’ ಎಂಬ ಬೇರೆ ಸಾಲು ಇದೆ.

ಇದರ ಬದಲು ‘ಇನ್‌ಕ್ಲೂಡ್’ ಬಳಸಿ ಎಂಬ ಸಲಹೆ ಅಲ್ಲಲ್ಲಿ ಕಾಣುತ್ತದೆ, ಎಚ್ಚರ. ಒಂದು ಫೀಚರಿಗೆ ಒಂದೇ ಒಂದು ಇನ್‌ಕ್ಲೂಡ್ ಸಾಲು ಬಿದ್ದರೂ ಅದರಲ್ಲಿ ಇಲ್ಲದ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ, ಅವರಿಗೆ ಬರುವುದು ಮೈನಸ್ 39. ಇಡೀ ದಿನ ಪರೀಕ್ಷೆ, ಬೇರೆ ಯಾರೂ ಬೇಡ ಎಂದಿದ್ದರೆ ಮಾತ್ರ ಅದು ಸರಿ. ಬಳಕೆದಾರರ ಹೆಸರಿನ ಗುಂಪು ಮಾಡಿ ಹಂಚುವುದಾದರೆ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಫೈಲಿನಲ್ಲಿ ‘ಗ್ರೂಪ್‌ಕೇಸ್‌ಇನ್‌ಸೆನ್ಸಿಟಿವ್ ಆನ್’ ಎಂದು ಹಾಕಿಬಿಡಿ. ಲ್ಯಾಬಿಗೆ ಮಾತ್ರ ಹೆಸರಿಗಿಂತ ಐಪಿ ಸರಣಿಯೇ ವಾಸಿ, ಎಲ್ಲ ಪಿಸಿಯಲ್ಲೂ ‘ಸ್ಟೂಡೆಂಟ್’ ಎಂಬ ಒಂದೇ ಲಾಗಿನ್ ಇರುತ್ತದಲ್ಲ.

ಸಾಲು ಬರೆದ ಮೇಲೆ ‘ರೀರೀಡ್’ ಒತ್ತಿ ಲಾಗ್ ಓದಿ. ಡೀಮನ್‌ಗೆ ಅರ್ಥವಾಗದ ಸಾಲಿದ್ದರೆ ಅಲ್ಲಿ ಗೊಣಗಿರುತ್ತದೆ. ಫೀಚರ್ ಹೆಸರನ್ನು ಲೈಸೆನ್ಸ್ ಫೈಲಿನಿಂದ ಕಾಪಿ ಮಾಡಿ, ಕೈಯಲ್ಲಿ ಟೈಪ್ ಮಾಡಬೇಡಿ. ಪರೀಕ್ಷೆಯ ಹಿಂದಿನ ದಿನವೇ ಆ ಲ್ಯಾಬಿನ 20 ಪಿಸಿಗಳಲ್ಲೂ ಒಟ್ಟಿಗೆ ಸಾಫ್ಟ್‌ವೇರ್ ತೆರೆದು ನೋಡಿ. ಒಂದೇ ಪ್ರೋಗ್ರಾಂ ಹಲವು ಫೀಚರ್ ಹಿಡಿಯುವುದುಂಟು: ಮುಖ್ಯ ಫೀಚರ್ 25 ಇದ್ದು ಮೆಶಿಂಗ್‌ನದೋ ಸಾಲ್ವರ್‌ನದೋ 10 ಮಾತ್ರ ಇದ್ದರೆ ಹನ್ನೊಂದನೆಯ ವಿದ್ಯಾರ್ಥಿಗೆ ಪ್ರೋಗ್ರಾಂ ತೆರೆದುಕೊಳ್ಳುತ್ತದೆ, ‘ಸಾಲ್ವ್’ ಒತ್ತಿದಾಗ ನಿಲ್ಲುತ್ತದೆ. ಪರೀಕ್ಷೆಯ ನಡುವೆ ಇದು ಗೊತ್ತಾಗಬಾರದು.

ಲಾಗ್ ಓದುವಾಗ ‘ಔಟ್’ ಅಂದರೆ ಲೈಸೆನ್ಸ್ ಹೋಯಿತು, ‘ಇನ್’ ಅಂದರೆ ಬಂತು, ‘ಡಿನೈಡ್’ ಅಂದರೆ ಸಿಗಲಿಲ್ಲ, ‘ಅನ್‌ಸಪೋರ್ಟೆಡ್’ ಅಂದರೆ ಕೇಳಿದ ಫೀಚರೇ ಈ ಸರ್ವರಿನಲ್ಲಿಲ್ಲ. ಸಾಲುಗಳಲ್ಲಿ ಗಂಟೆ ಇರುತ್ತದೆ, ತಾರೀಕು ಇರುವುದಿಲ್ಲ. ಅದಕ್ಕೆ ನಡುನಡುವೆ ಬರುವ ‘ಟೈಮ್‌ಸ್ಟ್ಯಾಂಪ್’ ಸಾಲನ್ನು ಹುಡುಕಬೇಕು. ಡಿನೈಡ್ ಸಾಲುಗಳನ್ನು ಎಣಿಸಿ ‘ಇಷ್ಟು ಜನಕ್ಕೆ ಲೈಸೆನ್ಸ್ ಸಿಗಲಿಲ್ಲ, ಇನ್ನಷ್ಟು ಸೀಟು ಕೊಳ್ಳಿ’ ಎಂದು ಆಡಳಿತ ಮಂಡಳಿಗೆ ಬರೆಯಬೇಡಿ. ಒಬ್ಬ ವಿದ್ಯಾರ್ಥಿ ಸಿಟ್ಟಿನಲ್ಲಿ ಹತ್ತು ಸಲ ಕ್ಲಿಕ್ ಮಾಡಿದರೆ ಹತ್ತು ಡಿನೈಡ್ ಬೀಳುತ್ತದೆ. ದಿನಕ್ಕೆ ಬೇರೆಬೇರೆ ಪಿಸಿಗಳು ಎಷ್ಟು ಎಂದು ಲೆಕ್ಕ ಹಾಕಿ. ಇನ್ನೂ ನಂಬಬಹುದಾದ ಲೆಕ್ಕ ಬೇಕಿದ್ದರೆ ಟಾಸ್ಕ್ ಶೆಡ್ಯೂಲರ್‌ನಲ್ಲಿ 10 ನಿಮಿಷಕ್ಕೊಮ್ಮೆ ಎಲ್‌ಎಂಸ್ಟ್ಯಾಟ್ ಓಡಿಸಿ ಫೈಲಿಗೆ ಸೇರಿಸುತ್ತಾ ಹೋಗಿ. ಕೆಲವು ಸೆಕೆಂಡಿಗೊಮ್ಮೆ ಓಡಿಸಿದರೆ ಡೀಮನ್‌ಗೇ ಭಾರವಾಗುತ್ತದೆ.

ಮುಂದೆ ಎದುರಾಗಬಹುದಾದ ಇನ್ನು ಕೆಲವು ಸಂಖ್ಯೆಗಳು ಬೇಗ ಹೇಳಿಬಿಡುತ್ತೇನೆ. ಮೈನಸ್ 10 ಅವಧಿ ಮುಗಿದದ್ದು. ಮೈನಸ್ 5, 18 ಆ ಫೀಚರ್ ಇಲ್ಲದ್ದು. ಮೈನಸ್ 21 ಮತ್ತು 25 ಕ್ಲೈಂಟ್ ಹೊಸ ಆವೃತ್ತಿಯದು, ಲೈಸೆನ್ಸ್ ಹಳೆಯದು. ಮೈನಸ್ 34 ಸರ್ವರ್ ಮತ್ತು ಕ್ಲೈಂಟಿನ ಗಡಿಯಾರದಲ್ಲಿ ಹೆಚ್ಚು ಅಂತರ. ಮೈನಸ್ 88 ಯಂತ್ರದ ತಾರೀಕನ್ನು ಯಾರೋ ಹಿಂದಕ್ಕೆ ತಿರುಗಿಸಿದ್ದಾರೆ, ಅವಧಿ ಮುಗಿದ ಲೈಸೆನ್ಸ್ ಓಡಿಸುವ ಆ ಹಳೆಯ ಉಪಾಯ ನಡೆಯುವುದಿಲ್ಲ. ಮೈನಸ್ 97 ಎಲ್‌ಎಂಜಿಆರ್‌ಡಿ ಎದ್ದಿದೆ, ಡೀಮನ್ ಬಿದ್ದಿದೆ. ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿದ ಕೂಡಲೇ 97 ಬಂದರೆ ಆವೃತ್ತಿಗಳ ಕ್ರಮ ನೋಡಿ: ಎಲ್‌ಎಂಜಿಆರ್‌ಡಿ ಡೀಮನ್‌ಗಿಂತ ಹಳೆಯದಿರಬಾರದು, ಡೀಮನ್ ಕ್ಲೈಂಟಿನ ಲೈಬ್ರರಿಗಿಂತ ಹಳೆಯದಿರಬಾರದು. ಮೇಲಿನದು ಹೊಸದಾದಷ್ಟೂ ಒಳ್ಳೆಯದೇ, ಆದ್ದರಿಂದ ಸರ್ವರ್ ಕಡೆಯದನ್ನು ಮೊದಲು ಅಪ್‌ಗ್ರೇಡ್ ಮಾಡಿ, ಲ್ಯಾಬ್‌ಗಳನ್ನು ಆಮೇಲೆ.

ವಿಪಿಎನ್‌ನಲ್ಲಿ ಮನೆಯಿಂದ ಕೆಲಸ ಮಾಡುವ ಅಧ್ಯಾಪಕರಿಗೆ ಎಲ್ಲ ಸರಿಯಿದ್ದೂ ಆಗಾಗ 15 ಬರುತ್ತಿದ್ದರೆ ಅವರ ಯಂತ್ರದಲ್ಲಿ ‘ಫ್ಲೆಕ್ಸ್‌ಎಲ್‌ಎಂ_ಟೈಮ್‌ಔಟ್’ ಎಂಬ ವೇರಿಯೇಬಲ್ ಮಾಡಿ 5000000 ಕೊಡಿ. ಇದರ ಲೆಕ್ಕ ಮೈಕ್ರೋಸೆಕೆಂಡಿನಲ್ಲಿ, ಅಂದರೆ 5 ಸೆಕೆಂಡ್. ಮಾಮೂಲಿ ಕಾಯುವಿಕೆ ಸೆಕೆಂಡಿನ ಹತ್ತನೆಯ ಒಂದು ಭಾಗ ಮಾತ್ರ, ನಿಧಾನದ ಲೈನಿಗೆ ಅದು ಸಾಲುವುದಿಲ್ಲ. ಅವರಿಗೆ ಲೈಸೆನ್ಸ್ ಕಡ ಕೊಡುವ ‘ಬಾರೋ’ ಸೌಲಭ್ಯ ತೆರೆಯುವ ಮೊದಲು ಮಾತ್ರ ಆಪ್ಷನ್ಸ್ ಫೈಲಿನಲ್ಲಿ ‘ಮ್ಯಾಕ್ಸ್_ಬಾರೋ_ಅವರ್ಸ್’ ಹಾಕಿ ಎರಡು ಮೂರು ದಿನಕ್ಕೆ ಕಟ್ಟಿಹಾಕಿ. ಕಡ ಹೋದ ಲ್ಯಾಪ್‌ಟಾಪಿನ ಡಿಸ್ಕ್ ಕೆಟ್ಟರೆ ಅವಧಿ ಮುಗಿಯುವವರೆಗೆ ಆ ಸೀಟು ಹೋಯಿತೆಂದೇ ಲೆಕ್ಕ, ಎಲ್‌ಎಂರಿಮೂವ್‌ನಿಂದಲೂ ವಾಪಸ್ ಬರುವುದಿಲ್ಲ. ಪರೀಕ್ಷೆಯ ವಾರ ಬಾರೋ ಪೂರ್ತಿ ಮುಚ್ಚಿರಲಿ.